ಸ್ಟೀರಿಯೊ ಸ್ಲೈಡ್ ಮೌಂಟಿಂಗ್: ನೋಡುವವರ ಕಣ್ಣು ದಣಿಯದಂತೆ ಜೋಡಿ ಕೂಡಿಸುವ ಕ್ರಮ

ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆಯೊಳಗಿನ ನಗರೇಶ್ವರ ದೇವಾಲಯ, ಊರವರ ಮಾತಿನಲ್ಲಿ ಅರವತ್ತು ಕಂಬದ ಗುಡಿ, ಸ್ಟೀರಿಯೊ ಕ್ಯಾಮೆರಾಕ್ಕೆ, ಅಂದರೆ ಆಳ ಕಾಣುವಂತೆ ಎರಡು ಕಣ್ಣಿಗೆ ಎರಡು ಚಿತ್ರ ತೆಗೆಯುವ ಕ್ಯಾಮೆರಾಕ್ಕೆ, ಹೇಳಿ ಮಾಡಿಸಿದ ಜಾಗ. ಕಂಬದ ಹಿಂದೆ ಕಂಬ, ಅದರ ಹಿಂದೆ ಮತ್ತೊಂದು. ಆ ಜೋಡಿಯನ್ನು ನೋಡುವ ಎರಡು ಲೆನ್ಸಿನ ವ್ಯೂವರಿನಲ್ಲಿ ನೋಡಿದರೆ ಸಾಲುಗಳ ನಡುವೆ ನಡೆದು ಹೋಗಬಹುದು ಅನ್ನಿಸಬೇಕು. ಆದರೆ ಮೌಂಟ್ ಮಾಡುವಾಗ, ಅಂದರೆ ಎರಡು ಫಿಲ್ಮ್ ತುಂಡುಗಳನ್ನು ಒಂದು ಚೌಕಟ್ಟಿಗೆ ಕೂಡಿಸುವಾಗ, ಒಂದು ಕಣ್ಣಿನ ತುಂಡು ಇನ್ನೊಂದಕ್ಕಿಂತ ಕಾಲು ಮಿಲಿಮೀಟರ್ ಮೇಲೆ ಕೂತರೂ ಸಾಕು, ನೋಡಿದವರು "ಚಲೋ ಐತ್ರಿ" ಎಂದು ಸ್ವಲ್ಪ ಹೊತ್ತಿಗೇ ವ್ಯೂವರ್ ಕೆಳಗಿಡುತ್ತಾರೆ. ಏನು ಸರಿಯಿಲ್ಲ ಎಂದು ಕೇಳಿದರೆ ಹೇಳಲು ಬಾರದು. ಕಣ್ಣು ಎಳೆದ ಹಾಗಾಯಿತು, ಅಷ್ಟೇ.

ಕಾರಣ ಸರಳ. ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ, ದೂರದ್ದಕ್ಕೆ ಸಮಾನಾಂತರಕ್ಕೆ ಮರಳುತ್ತವೆ. ಈ ಅಡ್ಡ ಚಲನೆ ದಿನವಿಡೀ ನಡೆಯುವಂಥದ್ದು. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ನೋಡುವ ಪ್ರಸಂಗ ಮಾತ್ರ ಬದುಕಿನಲ್ಲಿ ಬರುವುದೇ ಇಲ್ಲ. ಹಾಗಾಗಿ ಮೌಂಟಿಂಗ್‌ನಲ್ಲಿ ಕೆಲಸದ ಕ್ರಮ ಹೀಗಿರಬೇಕು: ಮೊದಲು ಓರೆ ತೆಗೆಯುವುದು, ಆಮೇಲೆ ಎತ್ತರ ಸಮ ಮಾಡುವುದು, ಕೊನೆಗೆ ಕಿಟಕಿಯ ಆಳ, ಅಂದರೆ ಚಿತ್ರದ ಚೌಕಟ್ಟು ಎಷ್ಟು ದೂರದಲ್ಲಿ ನಿಂತಂತೆ ಕಾಣುತ್ತದೆ ಎಂಬುದನ್ನು, ಹೊಂದಿಸುವುದು. ಹೊಸಬರು ಆಳದ ಆಸೆಗೆ ಕಿಟಕಿಯಿಂದ ಶುರುಮಾಡಿ, ಎತ್ತರ ಸರಿಮಾಡುವಷ್ಟರಲ್ಲಿ ಅದನ್ನು ಕೆಡಿಸಿಕೊಳ್ಳುತ್ತಾರೆ.

ಯಾವ ಅಳತೆಯ ಸ್ಲೈಡ್

35 ಮಿ.ಮೀ. ಫಿಲ್ಮಿನ ಅಂಚಿನ ರಂಧ್ರಗಳ ಅಂತರ 4.75 ಮಿ.ಮೀ. 1947ರಲ್ಲಿ ಮಾರುಕಟ್ಟೆಗೆ ಬಂದ ಸ್ಟೀರಿಯೊ ರಿಯಲಿಸ್ಟ್ ಕ್ಯಾಮೆರಾ ಒಂದು ಚಿತ್ರಕ್ಕೆ ಐದು ರಂಧ್ರಗಳಷ್ಟು ಜಾಗ, ಅಂದರೆ 23.75 ಮಿ.ಮೀ. ಬಳಸುತ್ತದೆ. ಚಿತ್ರ ಸುಮಾರು 23 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಜೋಡಿ ಕೂರುವ ಮೌಂಟ್ 101 × 41 ಮಿ.ಮೀ. ಸೋವಿಯತ್ ಒಕ್ಕೂಟದ ಫೆಡ್ ಸ್ಟೀರಿಯೊದಂಥ ಕ್ಯಾಮೆರಾಗಳಲ್ಲಿ ಚಿತ್ರ ಇನ್ನೂ ಅಗಲ, 30 ಮಿ.ಮೀ. ಎರಡು ಸಾಮಾನ್ಯ ಕ್ಯಾಮೆರಾಗಳನ್ನು ಪಕ್ಕಪಕ್ಕ ಕಟ್ಟಿ ತೆಗೆದವರಿಗೆ 36 × 24 ಮಿ.ಮೀ.ನ ಪೂರ್ಣ ಚಿತ್ರ ಸಿಗುತ್ತದೆ. ಅವು 50 × 50 ಮಿ.ಮೀ.ನ ಎರಡು ಬೇರೆ ಬೇರೆ ಮೌಂಟಿನಲ್ಲಿ ಕೂರುತ್ತವೆ. ಇಲ್ಲಿನ ಲೆಕ್ಕ ರಿಯಲಿಸ್ಟ್ ಅಳತೆಯದು. ತತ್ವ ಎಲ್ಲಕ್ಕೂ ಒಂದೇ, ದುಂಡು ತಟ್ಟೆಯಲ್ಲಿ ಸಣ್ಣ ಜೋಡಿ ಚಿತ್ರಗಳಿರುವ ವ್ಯೂ-ಮಾಸ್ಟರ್ ರೀಲಿಗೂ ಅದೇ.

ಸ್ಲೈಡ್ ಫಿಲ್ಮನ್ನು ಇ-6 ವಿಧಾನದಲ್ಲಿ ತೊಳೆಯಬೇಕು. ಲ್ಯಾಬಿಗೆ ಕೊರಿಯರ್ ಮಾಡುವಾಗ ಡಬ್ಬಿಯ ಮೇಲೂ ಚೀಟಿಯ ಮೇಲೂ ದೊಡ್ಡದಾಗಿ ಬರೆಯಿರಿ: "ಕತ್ತರಿಸಬೇಡಿ, ಮೌಂಟ್ ಮಾಡಬೇಡಿ, ಉದ್ದ ಫಿಲ್ಮ್ ಹಾಗೇ ಕಳಿಸಿ." ಲ್ಯಾಬಿನವರು ರೂಢಿಯಂತೆ ಎಂಟು ರಂಧ್ರಕ್ಕೊಂದರಂತೆ ಕತ್ತರಿಸಿದರೆ ಐದು ರಂಧ್ರದ ಚಿತ್ರಗಳು ನಡುವೆಯೇ ತುಂಡಾಗುತ್ತವೆ. ಅದಕ್ಕೆ ಪರಿಹಾರವಿಲ್ಲ.

ಮೇಜಿನ ಮೇಲೆ ಬೇಕಾದ್ದು

ಹೆಚ್ಚಿನವು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ, ದುರ್ಗದಬೈಲಿನ ಸುತ್ತ ಸಿಗುವಂಥವೇ. ಸ್ಟೀಲ್ ಸ್ಕೇಲ್, ಮುರಿದು ಹೊಸ ಮೊನೆ ಮಾಡಿಕೊಳ್ಳುವ ಪೇಪರ್ ಕಟರ್, ಹರಿತವಾದ ಸಣ್ಣ ಕತ್ತರಿ, ಚಪ್ಪಟೆ ತುದಿಯ ಚಿಮಟ, ಗಾಳಿ ಊದುವ ರಬ್ಬರ್ ಬ್ಲೋವರ್, ಮೆತ್ತನೆ ಬ್ರಷ್, ಹತ್ತಿಯ ಕೈಗವಸು, ಎಂಟು ಪಟ್ಟು ಹಿಗ್ಗಿಸುವ ಲೂಪ್, ಒಳ್ಳೆ ಲೆನ್ಸಿನ ಒಂದು ವ್ಯೂವರ್. ಲೈಟ್ ಬಾಕ್ಸ್ ಇಲ್ಲದಿದ್ದರೆ ಮನೆಗೆ ಹಾಕಿಸುವ ಎಲ್‌ಇಡಿ ಪ್ಯಾನೆಲ್ ಲೈಟನ್ನು ಅಂಗಾತ ಇಟ್ಟು, ಮೇಲೆ ಹಾಲಿನ ಬಣ್ಣದ ಅಕ್ರಿಲಿಕ್ ಹಾಳೆ ಹಾಕಿದರೆ ಆಯಿತು. ಬೆಳಕು ಹಳದಿಯಲ್ಲ, ಬಿಳಿ ಇರಲಿ. ಸೆಲ್ಲೊ ಟೇಪ್ ಮಾತ್ರ ಬೇಡ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಅದರ ಅಂಟು ಕರಗಿ ಚಿತ್ರದ ಮೇಲೆ ಹರಿಯುತ್ತದೆ. ಶಾಖ ತಡೆಯುವ ತೆಳು ಪಾಲಿಯೆಸ್ಟರ್ ಟೇಪ್ ತನ್ನಿ.

ಎಲ್ಲಕ್ಕಿಂತ ಮುಖ್ಯ ಉಪಕರಣ ಅಳತೆ ಹಾಳೆ. ಒಂದು ಮಿ.ಮೀ. ಅಂತರದ ಅಡ್ಡ-ಉದ್ದ ಗೆರೆಗಳನ್ನು ಪಾರದರ್ಶಕ ಓಎಚ್‌ಪಿ ಹಾಳೆಯ ಮೇಲೆ ಲೇಸರ್ ಪ್ರಿಂಟ್ ಮಾಡಿಸಿ. ಝೆರಾಕ್ಸ್ ಅಂಗಡಿಯಲ್ಲಿ "ಫಿಟ್ ಟು ಪೇಜ್" ತೆಗೆಸಿ, ನೂರು ಪರ್ಸೆಂಟ್ ಅಳತೆಗೆ ಇಡಿಸಿ. ಬಂದ ಹಾಳೆಯ 100 ಮಿ.ಮೀ. ಗೆರೆಯನ್ನು ಸ್ಟೀಲ್ ಸ್ಕೇಲಿನಿಂದ ಅಳೆಯದೆ ಬಳಸಬೇಡಿ. 97 ಬಂದಿದ್ದರೆ ಮತ್ತೊಂದು ತೆಗೆಸಿ.

ಧೂಳಿನ ಮಾತು ಬೇರೆಯಾಗಿಯೇ ಹೇಳಬೇಕು. ಸಾಮಾನ್ಯ ಚಿತ್ರದಲ್ಲಿ ಧೂಳಿನ ಕಣ ಒಂದು ಚುಕ್ಕೆ. ಸ್ಟೀರಿಯೊದಲ್ಲಿ ಅದು ಒಂದೇ ಕಣ್ಣಿಗೆ ಕಾಣುವುದರಿಂದ ಮಿನುಗುತ್ತಾ ಗಾಳಿಯಲ್ಲಿ ತೇಲುತ್ತದೆ, ದೃಶ್ಯ ಬಿಟ್ಟು ಕಣ್ಣು ಅದಕ್ಕೇ ಹೋಗುತ್ತದೆ. ಗದಗ, ರೋಣ, ನರಗುಂದ ಕಡೆ ಬೇಸಿಗೆಯಲ್ಲಿ ಏಳುವ ಎರೆಮಣ್ಣಿನ ಧೂಳು ಬಹಳ ಸಣ್ಣದು, ಒಣ ಹವೆಗೆ ಫಿಲ್ಮಿನಲ್ಲಿ ಸ್ಥಾಯಿ ವಿದ್ಯುತ್ತೂ ಹುಟ್ಟುವುದರಿಂದ ಅಂಟಿಕೊಂಡೇ ಇರುತ್ತದೆ. ಕೂರುವ ಮೊದಲು ನೆಲಕ್ಕೆ ಒದ್ದೆ ಬಟ್ಟೆ ಹಾಕಿ, ಕಿಟಕಿ ಮುಚ್ಚಿ, ಸೀಲಿಂಗ್ ಫ್ಯಾನ್ ಬಂದ್ ಮಾಡಿ. ಸೆಕೆ ತಡೆಯದವರು ಬೆಳಗಿನ ಜಾವ ಕೆಲಸ ಮಾಡಲಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಧೂಳಿಗಿಂತ ಕೆಟ್ಟದ್ದು.

ಕತ್ತರಿಸುವ ಮೊದಲು ಗುರುತು

ರಿಯಲಿಸ್ಟ್ ಕ್ಯಾಮೆರಾದ ಎರಡು ಲೆನ್ಸ್‌ಗಳ ಅಂತರ ಸುಮಾರು 70 ಮಿ.ಮೀ. ಆದ್ದರಿಂದ ಒಂದು ಜೋಡಿಯ ಎರಡು ಚಿತ್ರಗಳು ಫಿಲ್ಮಿನಲ್ಲಿ ಪಕ್ಕಪಕ್ಕ ಇರುವುದಿಲ್ಲ. ನಡುವೆ ಬೇರೆ ದೃಶ್ಯಗಳ ಎರಡು ಚೌಕಟ್ಟು ಬರುತ್ತವೆ. ಒಂದನೆಯದಕ್ಕೆ ನಾಲ್ಕನೆಯದು ಜೋಡಿ, ಮೂರನೆಯದಕ್ಕೆ ಆರನೆಯದು, ಹೀಗೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡವನ್ನು ನಾಲ್ಕು ಸಲ ಒಂದೇ ಕೋನದಿಂದ ತೆಗೆದವರು ಕತ್ತರಿಸಿದ ಮೇಲೆ ಯಾವುದು ಯಾವುದರ ಜೋಡಿ ಎಂದು ಹುಡುಕುತ್ತಾ ಅರ್ಧ ದಿನ ಕಳೆಯುತ್ತಾರೆ. ಫಿಲ್ಮ್ ಉದ್ದವಾಗಿರುವಾಗಲೇ ರಂಧ್ರಗಳ ಪಟ್ಟಿಯ ಮೇಲೆ ಸಣ್ಣ ಪರ್ಮನೆಂಟ್ ಪೆನ್ನಿನಿಂದ ಸಂಖ್ಯೆ ಹಾಕಿ, ಪಕ್ಕದಲ್ಲಿ ಎಡಕ್ಕೆ ಎ, ಬಲಕ್ಕೆ ಬ ಎಂದು ಬರೆಯಿರಿ. ಆ ಪಟ್ಟಿ ಹೇಗೂ ಮೌಂಟಿನೊಳಗೆ ಮುಚ್ಚಿಹೋಗುತ್ತದೆ.

ಎಡ ಯಾವುದು, ಬಲ ಯಾವುದು? ಫಿಲ್ಮಿನ ಹೊಳೆಯುವ ಮೈ ನಿಮ್ಮ ಕಡೆ ಇರಲಿ. ಅಂಚಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದರೆ ನೀವು ಮಂಕು ಮೈಯನ್ನು, ಅಂದರೆ ಚಿತ್ರ ಮೂಡಿರುವ ಲೇಪವಾದ ಎಮಲ್ಷನ್ ಕಡೆಯನ್ನು ನೋಡುತ್ತಿದ್ದೀರಿ. ಈಗ ಚಿತ್ರಗಳು ನೆಟ್ಟಗೆ ಕಾಣುವ ಹಾಗೆ ಫಿಲ್ಮ್ ಹಿಡಿದರೆ ಜೋಡಿಯಲ್ಲಿ ಬಲಗಡೆ ಇರುವುದೇ ಎಡಗಣ್ಣಿನ ಚಿತ್ರ. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಮೂಡಿಸುತ್ತದೆ, ಅದನ್ನು ನೆಟ್ಟಗೆ ಮಾಡಲು ಇಡೀ ಫಿಲ್ಮನ್ನೇ ತಿರುಗಿಸಿದಾಗ ಎಡ-ಬಲ ಅದಲುಬದಲಾಗುತ್ತವೆ. ಕತ್ತರಿಸಿ ಜಾಗ ಬದಲಿಸಿ ಕೂಡಿಸಲೇಬೇಕು. ತಾಳೆ ನೋಡಲು ಇನ್ನೊಂದು ದಾರಿ: ಹಿನ್ನೆಲೆಗೆ ಹೋಲಿಸಿದರೆ ಹತ್ತಿರದ ವಸ್ತು ಎಡಗಣ್ಣಿನ ಚಿತ್ರದಲ್ಲಿ ಹೆಚ್ಚು ಬಲಕ್ಕೆ ಸರಿದಿರುತ್ತದೆ. ತಪ್ಪಿ ಅದಲುಬದಲು ಕೂಡಿಸಿದರೆ ದೂರದ ಗೋಪುರ ಮುಂದೆ ಬಂದು, ಹತ್ತಿರದ ಕಂಬ ಅದರಲ್ಲಿ ಕೊರೆದ ತೂತಿನಂತೆ ಕಾಣುತ್ತದೆ.

ಕತ್ತರಿಸುವಾಗ ಎರಡು ಚಿತ್ರಗಳ ನಡುವಿನ ಕಪ್ಪು ಗೆರೆಯ ಮಧ್ಯದಲ್ಲೇ ಕತ್ತರಿ ಹೋಗಬೇಕು. ಆ ಗೆರೆ ಮುಕ್ಕಾಲು ಮಿಲಿಮೀಟರ್ ಇರುತ್ತದೆ, ಅಷ್ಟೇ. ರಾತ್ರಿಯ ಚಿತ್ರಗಳಲ್ಲಿ ಗೆರೆಯೇ ಕಾಣದು; ಆಗ ಪಕ್ಕದ ಬೆಳಕಿನ ಚಿತ್ರದಿಂದ ಐದು ರಂಧ್ರ ಎಣಿಸಿ ಕತ್ತರಿಸಿ.

ಮನೆಯಲ್ಲೇ ಮಾಡುವ ಮೌಂಟ್

ಕಾರ್ಖಾನೆಯ ಪ್ಲಾಸ್ಟಿಕ್ ಮೌಂಟ್ ತರಿಸಿಕೊಳ್ಳಬಹುದು, ಆದರೆ ಹೊರದೇಶದಿಂದ ಬರುವಷ್ಟು ಕಾಯಬೇಕು. 300 ಜಿಎಸ್‌ಎಂ ಕಪ್ಪು ಕಾರ್ಡ್ ಶೀಟ್‌ನಿಂದ ಒಳ್ಳೆಯ ಮೌಂಟ್ ಮಾಡಲು ಬರುತ್ತದೆ. ಒಂದು ಸ್ಲೈಡಿಗೆ 101 × 41 ಮಿ.ಮೀ.ನ ಎರಡು ತುಂಡು ಬೇಕು.

ಹಿಂದಿನ ತುಂಡೇ ಕಿಟಕಿಯನ್ನು ನಿರ್ಧರಿಸುತ್ತದೆ, ಅದರಲ್ಲಿ ಅಳತೆ ತಪ್ಪಬಾರದು. ಎಡ ಅಂಚಿನಿಂದ ಅಳೆದು 9ರಿಂದ 30 ಮಿ.ಮೀ.ವರೆಗೆ ಎಡ ಕಿಂಡಿ, 71ರಿಂದ 92ರವರೆಗೆ ಬಲ ಕಿಂಡಿ; ಮೇಲಿನ ಅಂಚಿನಿಂದ 9.5ರಿಂದ 31.5ರವರೆಗೆ ಎತ್ತರ. ಹೀಗೆ 21 × 22 ಮಿ.ಮೀ.ನ ಎರಡು ಕಿಂಡಿ, ಅವುಗಳ ಕೇಂದ್ರಗಳ ಅಂತರ 62 ಮಿ.ಮೀ. ಚಿತ್ರ 23 × 24 ಇರುವುದರಿಂದ ನಾಲ್ಕೂ ಕಡೆ ಸರಿಸಾಡಲು ಒಂದೊಂದು ಮಿ.ಮೀ. ಜಾಗ ಉಳಿಯುತ್ತದೆ. ಮುಂದಿನ ತುಂಡಿನ ಕಿಂಡಿಗಳನ್ನು ಸುತ್ತಲೂ ಅರ್ಧ ಮಿ.ಮೀ. ದೊಡ್ಡದು ಮಾಡಿ: 8.5ರಿಂದ 30.5, 70.5ರಿಂದ 92.5, ಎತ್ತರದಲ್ಲಿ 9ರಿಂದ 32. ಎರಡೂ ತುಂಡುಗಳ ಅಂಚು ಒಂದೇ ಅಳತೆಗಿದ್ದರೆ ಅಂಟಿಸುವಾಗ ಕೂದಲಷ್ಟು ಸರಿದರೂ ಮುಂದಿನದು ಒಳಗೆ ಇಣುಕಿ ಕಿಟಕಿಯನ್ನು ಓರೆ ಮಾಡುತ್ತದೆ.

ಕಟರಿನ ಮೊನೆ ಐದಾರು ಮೌಂಟಿಗೊಮ್ಮೆ ಮುರಿಯಿರಿ. ಮೊಂಡಾದ ಮೊನೆ ಕಾರ್ಡಿನ ಅಂಚಿನಲ್ಲಿ ನಾರು ಎಬ್ಬಿಸುತ್ತದೆ, ವ್ಯೂವರಿನಲ್ಲಿ ಅದು ಹಗ್ಗದಷ್ಟು ದಪ್ಪ ಕಾಣುತ್ತದೆ. ಕತ್ತರಿಸಿದ ಅಂಚಿಗೆ ಕಪ್ಪು ಮಾರ್ಕರ್ ಎಳೆದರೆ ಬಿಳಿ ಒಳಪದರವೂ ಮುಚ್ಚುತ್ತದೆ.

ಓರೆ, ಎತ್ತರ

ಹಿಂದಿನ ತುಂಡನ್ನು ಲೈಟ್ ಬಾಕ್ಸಿನ ಮೇಲಿಟ್ಟು, ಎರಡೂ ಫಿಲ್ಮ್ ತುಂಡುಗಳನ್ನು ಹೊಳೆಯುವ ಮೈ ಮೇಲಾಗಿ ಅದರ ಮೇಲಿಡಿ. ಹೀಗಿಟ್ಟರೆ ನೀವು ಕಾಣುವುದೇ ನೋಡುಗರು ಕಾಣುವುದು. ಎಮಲ್ಷನ್ ಮೇಲೆ ಮಾಡಿ ಹಿಂಬದಿಯಿಂದ ಕೆಲಸ ಮಾಡುವವರಿಗೆ ಎಡ ಬಲವಾಗುತ್ತದೆ, ತಲೆಯೊಳಗೆ ತಿರುಗಿಸಿಕೊಳ್ಳುವಾಗಲೇ ತಪ್ಪು ಆಗುವುದು. ಎಡ ತುಂಡಿನ ಮೇಲಂಚಿಗೆ ಮಾತ್ರ ಒಂದು ಸಣ್ಣ ಟೇಪ್ ಹಚ್ಚಿ. ಬಲ ತುಂಡು ಸದ್ಯ ಬಿಡಿಯಾಗಿರಲಿ.

ಈಗ ಅಳತೆ ಹಾಳೆಯನ್ನು ಮೇಲೆ ಹಾಸಿ, ಅದರ ಗೆರೆಗಳು ಕಿಂಡಿಯ ಕೆಳ ಅಂಚಿಗೆ ಸರಿಸಮ ಇರುವಂತೆ ಕೂಡಿಸಿ. ಎರಡೂ ಚಿತ್ರಗಳಲ್ಲಿ ಖಚಿತವಾಗಿ ಗುರುತಿಸಬಹುದಾದ ಬಿಂದುಗಳನ್ನು ಆರಿಸಿಕೊಳ್ಳಿ: ಕಂಬದ ಕೆತ್ತನೆಯ ಮೂಲೆ, ಕಿಟಕಿಯ ಕಬ್ಬಿಣದ ಸರಳು, ಹಲಗೆಯ ಅಕ್ಷರ. ಎಡ ಅಂಚಿನ ಹತ್ತಿರ ಒಂದು, ಬಲ ಅಂಚಿನ ಹತ್ತಿರ ಒಂದು, ಮೇಲೊಂದು, ಕೆಳಗೊಂದು. ಲೂಪ್ ಇಟ್ಟು ಪ್ರತಿಯೊಂದೂ ಎರಡು ಚಿತ್ರಗಳಲ್ಲಿ ಯಾವ ಎತ್ತರದಲ್ಲಿದೆ ನೋಡಿ.

ಬಲಚಿತ್ರದಲ್ಲಿ ನಾಲ್ಕೂ ಬಿಂದುಗಳು ಒಂದೇ ಪ್ರಮಾಣದಲ್ಲಿ ಮೇಲಿದ್ದರೆ ಅದು ಬರೀ ಎತ್ತರದ ತಪ್ಪು, ಬಲ ತುಂಡನ್ನು ಅಷ್ಟು ಕೆಳಗೆ ಸರಿಸಿದರೆ ಮುಗಿಯಿತು. ಎಡದ ಬಿಂದು ಮೇಲೆ, ಬಲದ ಬಿಂದು ಕೆಳಗೆ ಇದ್ದರೆ ತುಂಡು ಓರೆಯಾಗಿ ಕೂತಿದೆ. ಒಂದು ಡಿಗ್ರಿ ಓರೆಯಾದರೂ ಕೇಂದ್ರದಿಂದ 10 ಮಿ.ಮೀ. ದೂರದಲ್ಲಿ 0.17 ಮಿ.ಮೀ. ಏರುಪೇರು ಬರುತ್ತದೆ, ಅಷ್ಟು ಕಣ್ಣಿಗೆ ತಿಳಿಯುತ್ತದೆ. ಮೇಲಿನ ಬಿಂದು ಇನ್ನೂ ಮೇಲೆ, ಕೆಳಗಿನದು ಇನ್ನೂ ಕೆಳಗೆ ಹೋಗಿದ್ದರೆ ಎರಡು ಚಿತ್ರಗಳ ಗಾತ್ರವೇ ಬೇರೆ: ಎರಡು ಕ್ಯಾಮೆರಾ ಕಟ್ಟಿದವರ ಝೂಮ್ ಲೆನ್ಸ್‌ಗಳು ಒಂದೇ ಅಂಕಿಯಲ್ಲಿ ಇರಲಿಲ್ಲ. ಇದನ್ನು ಮೌಂಟಿಂಗ್ ಸರಿಮಾಡದು. ಮುಖ್ಯ ವಸ್ತುವಿನ ಎತ್ತರವನ್ನಾದರೂ ಕರಾರುವಾಕ್ಕಾಗಿ ಹೊಂದಿಸಿ, ಉಳಿದದ್ದು ಅಂಚಿಗೆ ಹೋಗಲಿ. ನಾಲ್ಕು ಮೂಲೆಗಳಲ್ಲಿ ಮಾತ್ರ ವ್ಯತ್ಯಾಸ ಇದ್ದು ನಡುವೆ ಸರಿಯಿದ್ದರೆ ಕ್ಯಾಮೆರಾಗಳನ್ನು ಒಳಮುಖವಾಗಿ ತಿರುಗಿಸಿ ತೆಗೆದಿದ್ದಾರೆ ಎಂದರ್ಥ. ಮುಂದಿನ ಸಲ ಸಮಾನಾಂತರ ಇಡಿ.

ಗುರಿ 0.1 ಮಿ.ಮೀ. ಕೈಯಿಂದ ಇಷ್ಟು ಸಾಧ್ಯವೇ ಎನ್ನಬೇಡಿ. ಚಿಮಟದಿಂದ ತುಂಡನ್ನು ಎತ್ತಿ ಇಡುವ ಬದಲು, ಹಲ್ಲುಕಡ್ಡಿಯ ತುದಿಯಿಂದ ರಂಧ್ರದ ಅಂಚನ್ನು ಮೆಲ್ಲಗೆ ತಳ್ಳಿದರೆ ಸಾಧ್ಯ. ಎರಡೂ ಚಿತ್ರಗಳು ಒಂದೇ ಕಡೆಗೆ ಸಮನಾಗಿ ವಾಲಿದ್ದರೆ ಕಣ್ಣಿಗೆ ನೋವಿಲ್ಲ, ಉಣಕಲ್ಲ ಕೆರೆಯ ನೀರು ಒಂದು ಕಡೆ ಹರಿದ ಹಾಗೆ ಕಾಣುತ್ತದೆ ಅಷ್ಟೆ. ಅದನ್ನು ಸರಿಪಡಿಸುವಾಗ ಎರಡನ್ನೂ ಸಮವಾಗಿ ತಿರುಗಿಸಿ.

ಕಿಟಕಿ

ಸ್ಟೀರಿಯೊ ಚಿತ್ರದ ಚೌಕಟ್ಟೂ ಒಂದು ದೂರದಲ್ಲಿ ನಿಂತಿರುತ್ತದೆ. ಮನೆಯ ಕಿಟಕಿಯಿಂದ ಹೊರಗೆ ನೋಡಿದಾಗ ಎಡಗಣ್ಣಿಗೆ ಬಲಬದಿ ಹೆಚ್ಚು ಕಾಣುತ್ತದೆ, ಬಲಗಣ್ಣಿಗೆ ಎಡಬದಿ. ಮೌಂಟಿನಲ್ಲೂ ಹಾಗೇ ಆಗಬೇಕು: ಬಲಚಿತ್ರದ ಎಡ ಅಂಚಿನಲ್ಲಿ, ಎಡಚಿತ್ರದಲ್ಲಿ ಇಲ್ಲದ ಒಂದಿಷ್ಟು ದೃಶ್ಯ ಇರಬೇಕು. ತಿರುಗುಮುರುಗಾದರೆ ದೃಶ್ಯ ಕಿಟಕಿಯ ಈಚೆಗೆ ಬಂದಿರುತ್ತದೆ, ಆದರೂ ಚೌಕಟ್ಟು ಅದನ್ನು ಕತ್ತರಿಸುತ್ತಿರುತ್ತದೆ. ಮಿದುಳಿಗೆ ಈ ವಿರೋಧ ಒಪ್ಪುವುದಿಲ್ಲ, ಅಂಚು ಮಿನುಗುತ್ತದೆ.

ಅಳೆಯುವ ರೀತಿ ಇದು. ದೃಶ್ಯದಲ್ಲಿ ಅತಿ ಹತ್ತಿರದ ಬಿಂದು ಎರಡೂ ಕಿಂಡಿಗಳಲ್ಲಿ ಎಡ ಅಂಚಿನಿಂದ ಒಂದೇ ದೂರದಲ್ಲಿದ್ದರೆ ಅದು ಸರಿಯಾಗಿ ಕಿಟಕಿಯ ಮಟ್ಟದಲ್ಲಿದೆ. ಎಡಚಿತ್ರದಲ್ಲಿ 5.5, ಬಲಚಿತ್ರದಲ್ಲಿ 5.0 ಮಿ.ಮೀ. ಬಂತು ಎನ್ನಿ; ಆ ಬಿಂದು ಈಚೆಗೆ ಚಾಚಿದೆ. ಎಡ ತುಂಡನ್ನು ಕಾಲು ಮಿ.ಮೀ. ಎಡಕ್ಕೆ, ಬಲ ತುಂಡನ್ನು ಕಾಲು ಮಿ.ಮೀ. ಬಲಕ್ಕೆ ಸರಿಸಿದರೆ ಎರಡೂ 5.25 ಆಗಿ ದೃಶ್ಯ ಹಿಂದೆ ಸರಿಯುತ್ತದೆ. ತುಂಡುಗಳು ದೂರ ಹೋದಷ್ಟೂ ದೃಶ್ಯ ದೂರ, ಹತ್ತಿರ ಬಂದಷ್ಟೂ ಹತ್ತಿರ. ಸರಿಸುವಾಗ ಎತ್ತರ ಕೆಡದಂತೆ ತುಂಡಿನ ಕೆಳ ಅಂಚಿಗೆ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಅದರ ಮೇಲೆಯೇ ಜಾರಿಸಿ.

ದೂರ ಸರಿಸುವುದಕ್ಕೂ ಮಿತಿ ಇದೆ. ಅನಂತ ದೂರದ ವಸ್ತುವಿನ, ಬೆಟ್ಟದ ಗೆರೆ ಅಥವಾ ಮೋಡದ, ಒಂದೇ ಬಿಂದು ಎರಡು ಚಿತ್ರಗಳಲ್ಲಿ ಸುಮಾರು 63ರಿಂದ 63.5 ಮಿ.ಮೀ. ಅಂತರದಲ್ಲಿರಬೇಕು. 65 ದಾಟಿದರೆ ಅನೇಕರ ಕಣ್ಣು ಹೊರಕ್ಕೆ ತಿರುಗಬೇಕಾಗುತ್ತದೆ, ಅದು ಯಾರಿಂದಲೂ ಆರಾಮಾಗಿ ಆಗದು. ಕಿಂಡಿಗಳ ಅಂತರ 62 ಇರುವುದರಿಂದ ಹತ್ತಿರದ್ದಕ್ಕೂ ದೂರದ್ದಕ್ಕೂ ನಡುವೆ 1.2 ಮಿ.ಮೀ.ನಷ್ಟು ವ್ಯತ್ಯಾಸ ಹಿಡಿಸುತ್ತದೆ. 35 ಮಿ.ಮೀ. ಲೆನ್ಸ್, 70 ಮಿ.ಮೀ. ಅಂತರದ ಕ್ಯಾಮೆರಾದಲ್ಲಿ 2.1 ಮೀಟರ್ ಹತ್ತಿರದಿಂದ ಅನಂತದವರೆಗಿನ ದೃಶ್ಯ ಕೊಡುವುದು ಇಷ್ಟನ್ನೇ. ಹಿನ್ನೆಲೆ ಅನಂತಕ್ಕೆ ಹೋಗದಿದ್ದರೆ ಸಾಕಷ್ಟು ಸಲೀಸು: ಬಂಕಾಪುರದ ಮಂಟಪದೊಳಗೆ ಮೊದಲ ಕಂಬ 3 ಮೀಟರ್, ಕೊನೆಯದು 12 ಮೀಟರ್ ಎಂದಿಟ್ಟುಕೊಂಡರೆ ವ್ಯತ್ಯಾಸ 0.6 ಮಿ.ಮೀ. ಮಾತ್ರ. ಆದರೆ 50 ಮಿ.ಮೀ. ಲೆನ್ಸಿನ ಎರಡು ಕ್ಯಾಮೆರಾಗಳನ್ನು 140 ಮಿ.ಮೀ. ಅಂತರದಲ್ಲಿ ಕಟ್ಟಿದವರು ಹಿಂದೆ ಕಪ್ಪತಗುಡ್ಡದ ಸಾಲು ಬರುವಂತೆ ತೆಗೆಯುವುದಾದರೆ 6 ಮೀಟರಿಗಿಂತ ಹತ್ತಿರ ಏನೂ ಬರಬಾರದು. ಗಾಳಿಯಂತ್ರದ ರೆಕ್ಕೆಗಳಿದ್ದರಂತೂ ಎರಡು ಕ್ಯಾಮೆರಾ ಒಂದೇ ಗಳಿಗೆಗೆ ಕ್ಲಿಕ್ ಆಗಿರಬೇಕು. ಒಂದೇ ಕ್ಯಾಮೆರಾವನ್ನು ಸರಿಸಿ ಎರಡು ಸಲ ತೆಗೆದ ಜೋಡಿಯಲ್ಲಿ ತಿರುಗುವ ರೆಕ್ಕೆ, ಅಲುಗುವ ಎಲೆ ಕೂಡುವುದೇ ಇಲ್ಲ.

ಎಲ್ಲವನ್ನೂ ಕಿಟಕಿಯ ಹಿಂದೆ ತಳ್ಳಬೇಕೆಂದಿಲ್ಲ. ಪಕ್ಕದ ಅಂಚುಗಳಿಗೆ ತಾಗುವ ವಸ್ತು ಮಾತ್ರ ಕಡ್ಡಾಯವಾಗಿ ಹಿಂದೆ ಇರಬೇಕು. ಚೌಕಟ್ಟಿನ ನಡುವೆ ಪೂರ್ತಿ ಒಳಗಿರುವ ವಸ್ತು, ಬಂಕಾಪುರದಲ್ಲೇ ಸಿಗುವ ನವಿಲಿನ ತಲೆಯಂಥದ್ದು, ಈಚೆಗೆ ಚಾಚಿದರೆ ಚೆಂದ. ಕೆಳ ಅಂಚಿಗೆ ತಾಗುವ ಮೆಟ್ಟಿಲು ಸ್ವಲ್ಪ ಮುಂದೆ ಬಂದರೂ ಕಣ್ಣು ಕ್ಷಮಿಸುತ್ತದೆ. ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಮೌಂಟ್ ಮಾಡುವಾಗ ಕೆಳ ಅಂಚಿನ ಬಗ್ಗೆ ತಲೆ ಕೆಡಿಸಿಕೊಳ್ಳದೆ ಎರಡು ಪಕ್ಕದ ಗೋಡೆಗಳನ್ನು ನೋಡಿಕೊಳ್ಳಿ.

ತುಂಡು ಸರಿಸಲು ಜಾಗ ಮುಗಿದು, ಹತ್ತಿರದ ವಸ್ತು ಇನ್ನೂ ಈಚೆಗೇ ಇದ್ದರೆ ಕಿಟಕಿಯನ್ನೇ ಮುಂದೆ ತನ್ನಿ. ಎಡ ಕಿಂಡಿಯ ಎಡ ಅಂಚನ್ನೂ ಬಲ ಕಿಂಡಿಯ ಬಲ ಅಂಚನ್ನೂ ಅರ್ಧ ಮಿ.ಮೀ. ಕಪ್ಪು ಟೇಪಿನಿಂದ ಮುಚ್ಚಿ. ಹೊರ ಅಂಚುಗಳನ್ನಷ್ಟೇ ಮುಚ್ಚಬೇಕು; ಒಳ ಅಂಚು ಮುಚ್ಚಿದರೆ ಕಿಟಕಿ ಹಿಂದಕ್ಕೆ ಹೋಗಿ ರೋಗ ಹೆಚ್ಚುತ್ತದೆ. ಹತ್ತಿರದ ದೃಶ್ಯಗಳಿಗೆಂದು ಮಾರುವ ಮೌಂಟುಗಳ ಕಿಂಡಿ ಸಣ್ಣದಿರುವುದು ಇದೇ ಕಾರಣಕ್ಕೆ.

ಮುಚ್ಚುವ ಮೊದಲಿನ ಪರೀಕ್ಷೆ

ಬಲ ತುಂಡಿಗೂ ಮೇಲಂಚಿಗೆ ಟೇಪ್ ಹಚ್ಚಿ. ಮೂರು ಕಡೆ ಬಿಟ್ಟು ಒಂದೇ ಕಡೆ ಹಚ್ಚುವುದರ ಉದ್ದೇಶ, ಬಿಸಿಗೆ ಫಿಲ್ಮ್ ಹಿಗ್ಗಲು ಜಾಗ ಬೇಕು. ನಾಲ್ಕೂ ಕಡೆ ಬಿಗಿದರೆ ನಡುವೆ ಉಬ್ಬಿ ಫೋಕಸ್ ಹೋಗುತ್ತದೆ. ಮುಂದಿನ ತುಂಡನ್ನು ಅಂಟಿಸದೆ ಬರೀ ಮುಚ್ಚಿ ವ್ಯೂವರಿನಲ್ಲಿ ಹಾಕಿ.

ನೇರವಾಗಿ ನೋಡಿದರೆ ಮಿದುಳು ಸಣ್ಣ ತಪ್ಪುಗಳನ್ನು ತಾನೇ ಸರಿಮಾಡಿ ಮುಚ್ಚಿಡುತ್ತದೆ, ಅದಕ್ಕೇ ಆಮೇಲೆ ತಲೆ ನೋಯುವುದು. ಅದನ್ನು ಹಿಡಿಯಲು ವ್ಯೂವರನ್ನು ಕಣ್ಣಿನಿಂದ ನಿಧಾನವಾಗಿ ಒಂದು ಗೇಣು ದೂರ ತನ್ನಿ. ಚಿತ್ರ ಎರಡಾಗಿ ಒಡೆಯುವ ಗಳಿಗೆಯಲ್ಲಿ ಎರಡರ ಎತ್ತರ ಒಂದೇ ಇದೆಯೇ ನೋಡಿ. ತಲೆಯೂ ವ್ಯೂವರೂ ಸಮತಟ್ಟಾಗಿರಬೇಕು, ತಲೆ ವಾಲಿದ್ದರೆ ಸರಿಯಾದ ಸ್ಲೈಡೂ ತಪ್ಪಾಗಿ ಕಾಣುತ್ತದೆ. ಆಮೇಲೆ ಎಡ-ಬಲ ಕಣ್ಣು ಒಂದಾದ ಮೇಲೊಂದು ಮುಚ್ಚಿ ತೆರೆಯಿರಿ: ಚಿತ್ರ ಅಡ್ಡಡ್ಡ ಜಿಗಿದರೆ ಸರಿ, ಮೇಲೆ-ಕೆಳಗೆ ಜಿಗಿದರೆ ಅಥವಾ ತೂಗಿದರೆ ಮತ್ತೆ ಲೈಟ್ ಬಾಕ್ಸಿಗೆ. ಸಾಧ್ಯವಾದರೆ ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ರಾತ್ರಿಯೆಲ್ಲ ಲೂಪಿನಲ್ಲಿ ಕೂತ ಕಣ್ಣನ್ನು ನಂಬಬೇಡಿ.

ಬೆರಳಚ್ಚು ಬಿದ್ದಿದ್ದರೆ ಈಗಲೇ ತೆಗೆಯಿರಿ. ಹೊಳೆಯುವ ಮೈ ಮೇಲೆ ನೀರು ಬೆರೆಸದ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೇ ಹನಿ, ಕನ್ನಡಕ ಒರೆಸುವ ಬಟ್ಟೆಯಲ್ಲಿ ತೆಗೆದುಕೊಂಡು ಒಂದೇ ದಿಕ್ಕಿಗೆ. ಎಮಲ್ಷನ್ ಕಡೆ ಬ್ಲೋವರ್, ಬ್ರಷ್ ಬಿಟ್ಟು ಬೇರೇನೂ ಬೇಡ.

ಅಂಟಿಸಲು ಎರಡೂ ಬದಿ ಅಂಟಿರುವ ಟೇಪನ್ನು ಫಿಲ್ಮಿಗೆ ತಾಗದಂತೆ ಕಾರ್ಡಿನ ನಾಲ್ಕು ಅಂಚಿಗೆ ಹಚ್ಚಿ. ಗೋಂದಿನ ತೇವ ಕಾರ್ಡನ್ನು ಬಾಗಿಸುತ್ತದೆ. ಮುಂದಿನ ಮೈಯ ಎಡ ಕೆಳಮೂಲೆಗೆ ಕೆಂಪು ಚುಕ್ಕೆ ಇಡಿ. ಯಾರು ಎತ್ತಿಕೊಂಡರೂ ತಲೆಕೆಳಗಾಗಿ ಹಾಕದಿರಲು ಇದು ಎಲ್ಲೆಡೆ ನಡೆದು ಬಂದ ಗುರುತು.

ಮಳೆಗಾಲ

ಗಾಜಿನ ಮೌಂಟು ಫಿಲ್ಮನ್ನು ಚಪ್ಪಟೆಯಾಗಿಡುತ್ತದೆ, ಪ್ರೊಜೆಕ್ಟರಿಗೆ ಅದೇ ಒಳ್ಳೆಯದು. ಆದರೆ ಧಾರವಾಡದ ಜೂನ್-ಸೆಪ್ಟೆಂಬರ್ ಜಿಟಿಜಿಟಿ ಮಳೆಯಲ್ಲಿ ಗಾಜಿನ ನಡುವೆ ಸಿಕ್ಕ ತೇವ ಹೊರಬರದೆ ಬೂಷ್ಟು ಹಿಡಿಯುತ್ತದೆ. ಫಿಲ್ಮ್ ಗಾಜಿಗೆ ತಾಗಿದಲ್ಲಿ ಎಣ್ಣೆ ಚೆಲ್ಲಿದಂಥ ಬಣ್ಣದ ಉಂಗುರಗಳೂ ಮೂಡುತ್ತವೆ. ಬರೀ ಕೈವ್ಯೂವರಿನಲ್ಲಿ ನೋಡುವವರಿಗೆ ಗಾಜು ಬೇಡವೇ ಬೇಡ. ಗಾಜು ಹಾಕುವುದೇ ಆದರೆ ಉಂಗುರ ಮೂಡದಂತೆ ಒರಟು ಮಾಡಿದ ಗಾಜು ಬಳಸಿ, ಫೆಬ್ರುವರಿ-ಮಾರ್ಚಿನ ಒಣ ದಿನಗಳಲ್ಲಿ ಮುಚ್ಚಿ.

ಸ್ಲೈಡುಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ನಿಲ್ಲಿಸಿಡಿ, ಜೊತೆಗೆ ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ಗುಲಾಬಿಗೆ ತಿರುಗಿದಾಗ 120 ಡಿಗ್ರಿಯಲ್ಲಿ ಎರಡು ತಾಸು ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಗೆ ಬಳಸುವ ಪಾತ್ರೆ ಮಾತ್ರ ಬೇಡ. ದಸರೆಯ ಹೊತ್ತಿಗೆ ಡಬ್ಬಿ ತೆರೆದು ಪ್ರತಿ ಸ್ಲೈಡನ್ನೂ ಓರೆ ಬೆಳಕಿಗೆ ಹಿಡಿದು ನೋಡಿ. ಜೇಡರ ಬಲೆಯಂಥ ಎಳೆ ಹೊಳೆಯುವ ಮೈ ಮೇಲಿದ್ದರೆ ಮೌಂಟ್ ಬಿಚ್ಚಿ ಆಲ್ಕೊಹಾಲಿನಿಂದ ಒರೆಸಬಹುದು. ಎಮಲ್ಷನ್ನಿಗೆ ಇಳಿದಿದ್ದರೆ ಒರೆಸಲು ಹೋಗದೆ, ಆ ಜೋಡಿಯನ್ನು ಉಳಿದವುಗಳಿಂದ ಬೇರೆ ಡಬ್ಬಿಗೆ ಹಾಕಿ, ಎರಡೂ ತುಂಡುಗಳನ್ನು ಸ್ಕ್ಯಾನ್ ಮಾಡಿಸಿಡಿ.